ಕಾಕಂಬಿ ಕಾರ್ಖಾನೆಯ ಕಪ್ಪು ನೀರು

ಈಗ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರುವವರಿಗೆ ಮೊದಲ ದಿನವೇ ಬಿಳಿ ಕೋಟು, ಕನ್ನಡಕ, ಗುರುತಿನ ಚೀಟಿ ಎಲ್ಲ ಕೊಡುತ್ತಾರಂತೆ. ನನಗೆ ಕೊಟ್ಟದ್ದು ಒಂದು ಬಿದಿರು ಗಳ. ಅದರ ತುದಿಗೆ ಸೆಣಬಿನ ದಾರದಲ್ಲಿ ಒಂದು ಗಾಜಿನ ಬಾಟಲಿ ಕಟ್ಟಿತ್ತು.

"ಚರಂಡಿಯ ನೀರು ತುಂಬಿಕೊಂಡು ಬಾರಯ್ಯ. ಕಾಲು ಜಾರಿದರೆ ಬಾಟಲಿ ಹುಷಾರು, ನಮ್ಮಲ್ಲಿ ಇರುವುದು ಮೂರೇ" ಎಂದರು ಮ್ಯಾನೇಜರ್ ಶೇಷಾದ್ರಿ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಪಾಸು ಮಾಡಿದ್ದ ನಾನು ಮೀನು ಹಿಡಿಯುವವನ ಹಾಗೆ ಗಳ ಹೊತ್ತುಕೊಂಡು ಹೊರಟೆ. ಮೂವತ್ತು ಚಿಲ್ಲರೆ ವರ್ಷ ಇದೇ ಕೆಲಸದಲ್ಲಿ ಕಳೆದೆ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬುದೆಲ್ಲ ಪಿಂಚಣಿಯ ಕಾಗದದಲ್ಲಿದೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಹೇಳಬೇಕಾದದ್ದು ಅದಲ್ಲ. ನಾನು ಮಾಡಿದ ತಪ್ಪುಗಳನ್ನು. ಅವುಗಳಲ್ಲಿ ದೊಡ್ಡದರ ಕಥೆ ಇದು.

ಎಪ್ಪತ್ತರ ದಶಕ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾರ್ಖಾನೆ ಇತ್ತು. ಈಗ ಅದಿಲ್ಲ, ಹಾಗಾಗಿ ಹೆಸರೂ ಬೇಡ. ಸಕ್ಕರೆ ಮಾಡಿ ಉಳಿದ ಕಪ್ಪು ಪಾಕಕ್ಕೆ ನಮ್ಮ ಕಡೆ ಕಾಕಂಬಿ ಎನ್ನುತ್ತಾರೆ. ಸಕ್ಕರೆಯವರಿಗೆ ಅದು ಬೇಡದ ವಸ್ತು. ನಾವು ಅದನ್ನು ಹುಳಿ ಬರಿಸಿ, ಕುದಿಸಿ ಸ್ಪಿರಿಟ್ ಇಳಿಸುತ್ತಿದ್ದೆವು. ಆ ಸ್ಪಿರಿಟಿನಿಂದ ಅಸಿಟಿಕ್ ಆಮ್ಲ ಮಾಡಿ ಬಟ್ಟೆಗೆ ಬಣ್ಣ ಹಾಕುವವರಿಗೆ, ರಬ್ಬರಿನವರಿಗೆ ಕಳಿಸುತ್ತಿದ್ದೆವು. "ಕಸದಿಂದ ರಸ ಕಣಯ್ಯ ಶ್ರೀಕಂಠ, ಇದೇ ನಾಳಿನ ವಿಜ್ಞಾನ" ಎಂದು ಶೇಷಾದ್ರಿಯವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮಾತು ನಿಜ. ಆದರೆ ರಸ ತೆಗೆದ ಮೇಲೆ ಉಳಿಯುವ ಹೊಸ ಕಸದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಒಂದು ಪಾಲು ಸ್ಪಿರಿಟ್ ಇಳಿಸಿದರೆ ಅದರ ಹತ್ತಾರು ಪಾಲು ಕಪ್ಪು ನೀರು ಹೊಗೆಯಾಡುತ್ತಾ ಚರಂಡಿಗೆ ಬರುತ್ತಿತ್ತು. ಸೀದ ಬೆಲ್ಲ, ಕೊಳೆತ ಮೊಟ್ಟೆ ಎರಡನ್ನೂ ಒಟ್ಟಿಗೆ ಮೂಸಿದರೆ ಹೇಗೋ ಹಾಗೆ ವಾಸನೆ. ಅದು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಶಿಂಷಾ ಹೊಳೆಗೆ.

ನನ್ನ ತಂದೆ ಮದ್ದೂರಿನಲ್ಲಿ ಅರ್ಚಕರು. ಮಗ ಸ್ಪಿರಿಟ್ ಇಳಿಸುವ ಜಾಗದಲ್ಲಿದ್ದಾನೆ ಎಂದು ದೇವಸ್ಥಾನದಲ್ಲಿ ಹೇಗೆ ಹೇಳುವುದು? ಯಾರಾದರೂ ಕೇಳಿದರೆ "ಸಕ್ಕರೆಗೆ ಸಂಬಂಧಪಟ್ಟದ್ದು" ಎಂದು ಹೇಳಿ ತೀರ್ಥ ಕೊಟ್ಟು ಮುಂದಿನವರ ಕಡೆ ತಿರುಗುತ್ತಿದ್ದರು. ನಾನು ಸಂಜೆ ಮನೆಗೆ ಬಂದರೆ ಹಿತ್ತಲಿನಲ್ಲೇ ಸ್ನಾನ. ಅಂಗಿಯನ್ನು ಹಿತ್ತಲ ನುಗ್ಗೆ ಮರಕ್ಕೆ ನೇತುಹಾಕಿ ಒಳಗೆ ಹೋಗಬೇಕು. ಆ ಮರದ ನುಗ್ಗೆಕಾಯಿಯನ್ನು ನಮ್ಮ ತಾಯಿ ಎರಡು ವರ್ಷ ಹುಳಿಗೆ ಹಾಕಲಿಲ್ಲ.

ನೀರಿನ ವಿಷಯದಲ್ಲಿ ಹೊಸ ಕಾನೂನು ಬಂದದ್ದು ಆ ವರ್ಷಗಳಲ್ಲೇ. ಅಲ್ಲಿಯವರೆಗೆ ಹೊರಗಿನವರು ಯಾರೂ ಕೇಳದಿದ್ದ ಚರಂಡಿಗೆ ಈಗ ವರದಿ ಬೇಕಾಯಿತು. ಶೇಷಾದ್ರಿಯವರು ನನ್ನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಕಾರ್ಖಾನೆಯಿಂದ ಅರ್ಧ ಮೈಲಿ ಕೆಳಗೆ, ನಾಲೆಯ ಹೆಚ್ಚುವರಿ ನೀರು ದಬದಬನೆ ಬಂದು ಹಳ್ಳಕ್ಕೆ ಸೇರುವ ಕಡೆ.

"ಇಲ್ಲಿ ಹಿಡಿ" ಎಂದರು.

"ಸಾರ್, ಇಲ್ಲಿ ನಾಲೆ ನೀರೇ ಜಾಸ್ತಿ..."

"ಹಳ್ಳದ ನೀರು ತಾನೇ ಕೇಳಿರೋದು? ಇದೂ ಹಳ್ಳವೇ. ನೀನು ರಸಾಯನಶಾಸ್ತ್ರ ಓದಿದ್ದೀಯೋ, ಕಾನೂನು ಓದಿದ್ದೀಯೋ?"

ನಾನು ಹಿಡಿದೆ. ಪರೀಕ್ಷೆ ಮಾಡಿದೆ. "ಗಮನಿಸಬೇಕಾದ ಬಣ್ಣವಿಲ್ಲ, ವಾಸನೆ ಇಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ದುಂಡಗೆ ಸಹಿ ಹಾಕಿದೆ. ಶೇಷಾದ್ರಿಯವರು ಓದಿ ಒಂದು ಅಲ್ಪವಿರಾಮ ಸೇರಿಸಿದರು. ಅವರಿಗೆ ನೀರಿಗಿಂತ ಇಂಗ್ಲಿಷ್ ಶುದ್ಧವಾಗಿರಬೇಕಿತ್ತು.

ಒಮ್ಮೆ ಮೈಸೂರಿನ ಪ್ರಯೋಗಾಲಯದವರು ಚರಂಡಿಯ ಅಸಲು ನೀರನ್ನೇ ಕಳಿಸಿ ಎಂದು ಕೇಳಿದರು. ಬಾಟಲಿ ತುಂಬಿ, ಬಿರಡೆ ಬಿಗಿದು, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬೇಸಿಗೆಯ ಮಧ್ಯಾಹ್ನ. ಆ ನೀರಿನಲ್ಲಿ ಉಳಿದ ಹುಳಿ ಒಳಗೇ ಕೆಲಸ ಮಾಡಿ ಗಾಳಿ ತುಂಬಿಸುತ್ತಿದ್ದದ್ದು ನನಗೆ ಹೊಳೆಯಲಿಲ್ಲ. ಮಂಡ್ಯ ಇನ್ನೂ ಬಂದಿರಲಿಲ್ಲ, ಬಿರಡೆ ಢಬ್ಬೆಂದು ಹಾರಿ ಬಸ್ಸಿನ ಚಾವಣಿಗೆ ಬಡಿಯಿತು. ನೀರು ಚಿಮ್ಮಿದ್ದು ಪಕ್ಕದಲ್ಲಿ ಕೂತಿದ್ದವರ ಮೇಲೆ. ಅಚ್ಚ ಬಿಳಿ ಪಂಚೆ, ಮಡಿಸಿ ಹೊದ್ದ ವಲ್ಲಿ, ಐವತ್ತರ ಆಸುಪಾಸಿನ ಗೌಡರು. ಕಂಡಕ್ಟರು ಓಡಿ ಬಂದ. "ಸಾರಾಯಿ ತಕ್ಕೊಂಡ್ ಬಸ್ಸತ್ತಕ್ಕೆ ನಾಚ್ಕೆ ಆಯಕಿಲ್ವಾ? ನೋಡಕ್ಕೆ ಐನೋರ್ ಥರ ಇದ್ದೀರಿ!" ಬಸ್ಸಿನವರೆಲ್ಲ ನನ್ನ ಜನಿವಾರ ಹುಡುಕುವವರ ಹಾಗೆ ನೋಡಿದರು.

ಗೌಡರು ಮಾತ್ರ ಕೂಗಾಡಲಿಲ್ಲ. ಕಂದು ಕಲೆಯಾದ ಪಂಚೆಯ ತುದಿ ಎತ್ತಿ ನಿಧಾನವಾಗಿ ಮೂಸಿದರು.

"ಬುಡಪ್ಪ ಕಂಡಕ್ಟ್ರೆ, ಇದು ಸಾರಾಯಿ ಅಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನಮ್ಮೂರ್ ಅಳ್ಳದ ವಾಸ್ನೆ ಕಣ್ರೀ ಸಾಮಿ. ನಮ್ಮೂರ್ ಅಳ್ಳನ ಬಾಟ್ಲಿಗೆ ತುಂಬ್ಕೊಂಡು ಎಲ್ಲಿಗೆ ಒಂಟ್ರಿ?"

ಅವರ ಹೆಸರು ಚಿಕ್ಕೇಗೌಡರು. ಊರು ಹುಣಸೆಕೊಪ್ಪಲು, ನಾನು ನೀರು ಹಿಡಿಯುತ್ತಿದ್ದ ಜಾಗಕ್ಕಿಂತ ಮೇಲೆ, ಕಾರ್ಖಾನೆಗೂ ನಾಲೆಗೂ ನಡುವೆ. ಅಂದರೆ ನನ್ನ ವರದಿ ದಾಟಿಕೊಂಡು ಹೋಗಿದ್ದ ಊರು. ಮಂಡ್ಯದಲ್ಲಿ ಇಳಿಯುವಾಗ, "ಒಂದಪ ಬನ್ನಿ ಐನೋರೆ. ಮೂಗ್ ಮುಚ್ಕೊಂಡಾದ್ರೂ ಬನ್ನಿ" ಎಂದರು. ಖಾಲಿ ಬಾಟಲಿ ಹಿಡಿದು ನಾನೂ ಅಲ್ಲೇ ಇಳಿದು ವಾಪಸು ಬಂದೆ; ಮೈಸೂರಿನವರು ಮತ್ತೆ ಕೇಳಲಿಲ್ಲ.

ಆ ಭಾನುವಾರ ಹೋದೆ. ಹಳ್ಳದ ಅಂಚಿನಲ್ಲಿ ಗೌಡರು ಬೆರಳು ತೋರಿಸುತ್ತಾ ನಡೆದರು. ಇಲ್ಲಿ ಮೀನು ಹಿಡಿಯುತ್ತಿದ್ದೆವು. ಇಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. "ಬೆಳ್ಳೂರ್ ಕೊಕ್ಕರೆಗೋಳು ಮೇಯಕ್ಕೆ ಇಲ್ಗೂ ಬರವು. ಈಗ ಮ್ಯಾಲೇ ಆರೋಯ್ತವೆ, ಇಳಿಯಕಿಲ್ಲ. ಅಕ್ಕಿಗೂ ತಿಳೀತದೆ." ನೀರು ಕಷಾಯದ ಹಾಗಿತ್ತು. ಮೇಲೆ ನೊರೆ, ದಡದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಗಮನಿಸಬೇಕಾದ ಬಣ್ಣವಿಲ್ಲ ಎಂದು ಬರೆದವನು ನಾನೇ ಎಂದು ಅವರಿಗೆ ಹೇಳಲಿಲ್ಲ.

ಏನಾದರೂ ಮಾಡಬೇಕು ಅನ್ನಿಸಿತು. ವಯಸ್ಸು ಇಪ್ಪತ್ತಾರು, ಉತ್ಸಾಹಕ್ಕೆ ಕಡಮೆಯಿಲ್ಲ. ಆ ಕಪ್ಪು ನೀರಿನಲ್ಲಿ ಕಬ್ಬು ಭೂಮಿಯಿಂದ ಎಳೆದುಕೊಂಡ ಪೊಟ್ಯಾಷ್ ಎಲ್ಲ ಹಾಗೇ ಇರುತ್ತದೆ. ಅದನ್ನು ಹಳ್ಳಕ್ಕೆ ಬಿಡುವ ಬದಲು ತಿಳಿಮಾಡಿ ಗದ್ದೆಗೆ ಕೊಟ್ಟರೆ ಗೊಬ್ಬರ! ಕಸದ ಕಸದಿಂದಲೂ ರಸ! ಶೇಷಾದ್ರಿಯವರಿಗೆ ಹೇಳಿದೆ, ಅವರ ಕಣ್ಣು ಅರಳಿತು. ಗೌಡರು ಗದ್ದೆಯ ಒಂದು ಪಟ್ಟಿ ಬಿಟ್ಟುಕೊಟ್ಟರು. ಎಷ್ಟು ನೀರು ಬೆರೆಸಬೇಕೆಂದು ನನ್ನ ವರದಿಯ ಪುಸ್ತಕ ನೋಡಿ ಲೆಕ್ಕ ಹಾಕಿದೆ. ನಾಲ್ಕು ದಿನದಲ್ಲಿ ಆ ಪಟ್ಟಿಯ ಕಬ್ಬಿನ ಮೊಳಕೆಯೆಲ್ಲ ಇಸ್ತ್ರಿ ಪೆಟ್ಟಿಗೆ ಇಟ್ಟಂತೆ ಸುಟ್ಟು ಮಲಗಿತು.

ತಪ್ಪು ಎಲ್ಲಾಯಿತೆಂದು ಇಡೀ ದಿನ ತಲೆ ಕೆರೆದುಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು. ವರದಿಯ ಪುಸ್ತಕದಲ್ಲಿದ್ದದ್ದು ನಾಲೆಯ ನೀರು ಸೇರಿದ ಮೇಲಿನ ತೆಳು ನೀರಿನ ಅಂಕಿ. ನಾನು ಗದ್ದೆಗೆ ಬಿಟ್ಟದ್ದು ಅಸಲು ಕಷಾಯ. ಊರಿಗೆಲ್ಲ ಹೇಳಿದ್ದ ಸುಳ್ಳನ್ನು ನಾನೇ ನಂಬಿ ಕೆಟ್ಟಿದ್ದೆ. ಹುಡುಗರೇ, ಇದನ್ನು ಗುರುತು ಹಾಕಿಕೊಳ್ಳಿ. ತಪ್ಪು ಅಂಕಿ ಬರೆದರೆ ಮೇಲಧಿಕಾರಿ ಮೋಸ ಹೋಗುವುದು ಆಮೇಲೆ, ಮೊದಲು ಮೋಸ ಹೋಗುವವರು ನೀವೇ.

ಗೌಡರ ಮುಂದೆ ಹೋಗಿ ಕೈ ಕಟ್ಟಿ ನಿಂತೆ. ಅವರ ಹೆಂಡತಿ ನಿಂಗಮ್ಮ ಜಗಲಿಯಿಂದ ಹೇಳಿದರು: "ಐನೋರು ಓದಿರೋದು ಕಳೆ ಸುಡೋ ಮಂತ್ರ ಇರ್ಬೇಕು ಕಣ್ ಬುಡಿ. ಒಂದು ಕಳೆನೂ ಉಳ್ದಿಲ್ಲ." ಗೌಡರು ನಕ್ಕು ಇನ್ನೊಂದು ಪಟ್ಟಿ ಕೊಟ್ಟರು. ಈ ಸಲ ಅಸಲು ನೀರನ್ನೇ ಪರೀಕ್ಷೆ ಮಾಡಿ, ನಾಲೆಯ ನೀರು ಧಾರಾಳವಾಗಿ ಬೆರೆಸಿದೆ. ಕಬ್ಬು ಬೆಳೆಯಿತು ನೋಡಿ! ಆನೆ ಹೊಕ್ಕರೆ ಕಾಣದಷ್ಟು. ಅಕ್ಕಪಕ್ಕದ ಊರಿನವರು ಗಾಡಿ ಕಟ್ಟಿಕೊಂಡು ನೋಡಲು ಬಂದರು. ಶೇಷಾದ್ರಿಯವರು ಟೈ ಕಟ್ಟಿಕೊಂಡು ಕಬ್ಬಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಕಬ್ಬು ಅವರ ಮೂರು ಪಟ್ಟು ಇತ್ತು.

ಆ ಖುಷಿಯಲ್ಲಿ ದೊಡ್ಡ ತಪ್ಪು ನಡೆಯಿತು. ಎಲ್ಲ ರೈತರಿಗೂ ಕಪ್ಪು ನೀರು ಬೇಕೆಂದಾಗ, ಅದನ್ನು ನಿಲ್ಲಿಸಿಕೊಳ್ಳಲು ಊರಿನ ಮೇಲ್ಭಾಗದ ದಿಣ್ಣೆಯಲ್ಲಿ ಒಂದು ದೊಡ್ಡ ಹೊಂಡ ತೋಡಿಸಿದರು. ತಳದಲ್ಲಿ ಜೇಡಿಮಣ್ಣಿದೆ, ನೀರು ಇಂಗುವುದಿಲ್ಲ ಎಂದು ಒಬ್ಬರು ಬರೆದುಕೊಡಬೇಕಿತ್ತು. ನಾನು ಹೊಂಡಕ್ಕೆ ಇಳಿದು ಒಂದು ಕಡೆ ಹಾರೆ ಹಾಕಿ ನೋಡಿದೆ, ಜೇಡಿಮಣ್ಣು ಬಂತು. ಇನ್ನೂ ನಾಲ್ಕು ಕಡೆ ನೋಡಬೇಕಿತ್ತು. ಬಿಸಿಲು ಜೋರಾಗಿತ್ತು, ಕಬ್ಬು ನೋಡಲು ಯಾರೋ ದೊಡ್ಡವರು ಬಂದಿದ್ದಾರೆಂದು ಕೂಗಿದರು. ಮೇಲೆ ಹತ್ತಿ ಬಂದು ಸಹಿ ಹಾಕಿದೆ.

ಸುಗ್ಗಿಯಲ್ಲಿ ಗೌಡರು ಆ ಕಬ್ಬನ್ನು ಆಲೆಮನೆಗೆ ಹಾಕಿಸಿದರು. ನನಗೆ ವಿಶೇಷ ಆಹ್ವಾನ. ಗಾಣದಿಂದ ರಸ ಕೊಡಗಟ್ಟಲೆ ಇಳಿಯಿತು. ಕೊಪ್ಪರಿಗೆಯಲ್ಲಿ ಕುದಿಯಿತು, ಪಾಕ ಬಂತು, ಅಚ್ಚಿಗೆ ಹೊಯ್ದರು. ಎಲ್ಲರೂ ಸುತ್ತ ಕೂತೆವು. ಬೆಲ್ಲ ಗಟ್ಟಿಯಾಗಲಿಲ್ಲ. ಅಚ್ಚು ಬಿಚ್ಚಿದರೆ ಸಗಣಿಯ ಹಾಗೆ ಹರಡಿಕೊಂಡಿತು. ಬೆಲ್ಲ ಮಾಡುವ ಮರಿಯಪ್ಪ ಚಿಟಿಕೆ ತೆಗೆದು ಬಾಯಿಗೆ ಹಾಕಿ ಮುಖ ಕಿವುಚಿದ.

"ಗೌಡ್ರೆ, ಉಪ್ಪು ಯಾರು ಆಕಿದ್ದು?"

"ಬೆಲ್ಲಕ್ಕೆ ಯಾವನ್ಲಾ ಉಪ್ಪಾಕ್ತಾನೆ?"

"ನೀವೇ ತಿನ್ನಿ. ಇದ್ರಲ್ಲಿ ಪಾಯ್ಸ ಮಾಡಂಗಿಲ್ಲ, ಉಪ್ಸಾರ್ ಮಾಡ್ಬೋದು."

ಎಲ್ಲರ ಕಣ್ಣೂ ನನ್ನ ಮೇಲೆ. ಪೊಟ್ಯಾಷ್ ಅತಿಯಾದರೆ ಬೆಲ್ಲ ಉಪ್ಪುಪ್ಪಾಗುತ್ತದೆ, ನೀರೊಡೆಯುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕೊಪ್ಪರಿಗೆಯ ಪಕ್ಕದಲ್ಲಿ. ನಿಂಗಮ್ಮನವರು ಮಾತ್ರ, "ಓಗ್ಲಿ ಬುಡಿ, ಕಬ್ಬು ನೋಡಕ್ ಚಂದಾಗಿತ್ತು" ಎಂದು ಸಮಾಧಾನ ಹೇಳಿದರು. ಬೈದಿದ್ದರೇ ವಾಸಿಯಿತ್ತು. ಮುಂದಿನ ಬೆಳೆಯಿಂದ ಆಲೆಮನೆಯ ಕಬ್ಬಿಗೆ ಕಪ್ಪು ನೀರು ಬಿಡಬಾರದು, ನಾಟಿಗೆ ಮುಂಚೆ ಖಾಲಿ ಭೂಮಿಗೆ ಒಂದೇ ಸಲ ತೆಳ್ಳಗೆ ಬಿಟ್ಟು ಉಳುವುದು ಎಂದು ಪಾಠ ತಿದ್ದಿಕೊಂಡೆವು.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಹುಣಸೆಕೊಪ್ಪಲಿಗೆ ಹೋಗಿದ್ದಾಗ ನಿಂಗಮ್ಮ ಹಿತ್ತಾಳೆಯ ಲೋಟ ತಂದು ಮುಂದಿಟ್ಟರು. ಮುಕ್ಕಾಲು ಲೋಟ, ತಿಳಿ ಕಂದು.

"ನಾನು ಹಾಲಿಲ್ಲದ ಕಾಫಿ ಕುಡಿಯುವುದಿಲ್ಲ ನಿಂಗಮ್ಮನವರೆ" ಎಂದೆ.

"ಆಲೂ ಆಕಿಲ್ಲ, ಪುಡಿನೂ ಆಕಿಲ್ಲ ಐನೋರೆ. ಬೆಳಿಗ್ಗೆ ಬಾವಿಯಿಂದ ಸೇದಿದ್ ನೀರು."

ನಾನು ನಕ್ಕೆ, ತಮಾಷೆಯೆಂದುಕೊಂಡು. ಅವರು ನಗಲಿಲ್ಲ. ಲೋಟ ಎತ್ತಿ ಮೂಸಿದೆ. ಅದೇ ವಾಸನೆ. ಬಾವಿಯ ಹತ್ತಿರ ಓಡಿದೆ. ಅಜ್ಜನ ಕಾಲದಿಂದ ಆ ಮನೆಯವರೂ ನೆರೆಯವರೂ ಕುಡಿಯುತ್ತಿದ್ದ ಬಾವಿ. ಬಗ್ಗಿ ನೋಡಿದರೆ ನನ್ನ ಮುಖ ಕಂದಾಗಿ ಕಾಣಿಸಿತು. ಹೊಂಡದ ತಳದಲ್ಲಿ ನಾನು ಹಾರೆ ಹಾಕದ ಕಡೆ ಮರಳಿನ ಪದರವಿತ್ತು. ಕಪ್ಪು ನೀರು ಅದರ ದಾರಿ ಹಿಡಿದು, ಒಳಗೊಳಗೇ ಇಳಿದು ಬಂದಿತ್ತು. ಹಳ್ಳದಲ್ಲಿದ್ದಾಗ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಾನು ಅದನ್ನು ಕಣ್ಣಿಗೆ ಬೀಳದ ಕಡೆಗೆ ಕಳಿಸಿದ್ದೆ, ಅಷ್ಟೆ.

"ಮಕ್ಳಿಗೆ ಎರಡ್ ದಿನದಿಂದ ಒಟ್ಟೆ ನೋವು" ಎಂದರು ನಿಂಗಮ್ಮ. "ಈಗ ಮೈಲಿ ದೂರದ ಬಾವಿಯಿಂದ ತತ್ತಾಯಿವ್ನಿ. ನಿಮ್ ಪುಸ್ತಕದಾಗೆ ಇದ್ಕೇನ್ ಬರ್ದದೆ, ಯೋಳಿ."

ಅಂದು ಮನೆಗೆ ಬಂದು ಊಟಕ್ಕೆ ಕೂತವನು ಅನ್ನವನ್ನು ಬರೀ ಕಲಸುತ್ತಿದ್ದೆ. ತಂದೆ ಕೇಳಿದರು, ಎಲ್ಲ ಹೇಳಿದೆ. ಮುಟ್ಟಿದ್ದಕ್ಕೆ, ತಿಂದದ್ದಕ್ಕೆ, ದಾಟಿದ್ದಕ್ಕೆ ಎಲ್ಲಕ್ಕೂ ಒಂದೊಂದು ಪ್ರಾಯಶ್ಚಿತ್ತ ಬಲ್ಲವರು ಅವರು. ನನಗೂ ಏನಾದರೂ ಹೇಳುತ್ತಾರೆ, ಮಾಡಿ ಮುಗಿಸಿಬಿಡೋಣ ಎಂದು ಆಸೆಯಿಂದ ಕಾದೆ.

"ಕುಡಿಯುವ ಬಾವಿ ಕೆಡಿಸಿದ್ದಕ್ಕೆ ನನ್ನ ಹತ್ತಿರ ಮಂತ್ರ ಇಲ್ಲವೋ" ಎಂದರು. "ಸುಳ್ಳು ಬರೆದ ಕೈಯಲ್ಲೇ ನಿಜ ಬರಿ. ಊಟ ಮಾಡಿ ಬರಿ, ಹಸಿದು ಬರೆದರೆ ಅಕ್ಷರ ಸೊಟ್ಟಗಾಗುತ್ತೆ."

ಮಾರನೆಯ ದಿನದಿಂದ ಬಿದಿರು ಗಳ ಹಿಡಿದು ಹೊರಟೆ. ಹೊಂಡದ ನೀರು, ಚರಂಡಿ ಹಳ್ಳಕ್ಕೆ ಬೀಳುವ ಜಾಗ, ಗೌಡರ ಬಾವಿ, ನೆರೆಯ ಎರಡು ಬಾವಿ. ಆಗ ನೀರಿನ ಉಸಿರು, ಅಂದರೆ ಅದರಲ್ಲಿ ಕರಗಿದ ಆಮ್ಲಜನಕ, ಎಷ್ಟು ಉಳಿದಿದೆ ಎಂದು ತಿಳಿಯಲು ಮಾದರಿಯನ್ನು ಐದು ದಿನ ಒಂದೇ ತಂಪಿನಲ್ಲಿ ಇಡಬೇಕಿತ್ತು. ಕರೆಂಟು ಹೋದಾಗೆಲ್ಲ ಬಾಟಲಿಗಳಿಗೆ ಒದ್ದೆ ಗೋಣಿಚೀಲ ಸುತ್ತಿ, ಬಾಣಂತಿ ಮಗು ಕಾಯುವಂತೆ ಕಾದೆ. ವರದಿ ಬರೆದೆ. ಮೊದಲಿನ ವರದಿಗಳ ನೀರನ್ನು ಎಲ್ಲಿ ಹಿಡಿದದ್ದು ಎಂಬುದನ್ನೂ, ಹೊಂಡದ ತಳವನ್ನು ಒಂದೇ ಕಡೆ ನೋಡಿದ್ದನ್ನೂ ಬರೆದೆ. ಶೇಷಾದ್ರಿಯವರ ಮೇಜಿನ ಮೇಲಿಟ್ಟು, ರಾಜೀನಾಮೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ನಿಂತೆ.

ಅವರು ಓದಿದರು. ಮತ್ತೆ ಓದಿದರು. ಕೆಂಪು ಪೆನ್ಸಿಲು ತೆಗೆದರು.

"ಎರಡು ಕಾಗುಣಿತ ತಪ್ಪು."

"ಸಾರ್..."

"ಇಲ್ಲಿ 'ನಾನು ನೀರು ಹಿಡಿದೆ' ಅಂತಿದೆ. 'ಮ್ಯಾನೇಜರು ತೋರಿಸಿದ ಜಾಗದಲ್ಲಿ' ಅಂತ ಸೇರಿಸು. ವಾಕ್ಯ ಅಪೂರ್ಣವಾಗಿದೆ."

ನಾನು ಪೆನ್ನು ತೆಗೆದು ಸೇರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನೆ ನಾನೂ ಹೋಗಿದ್ದೆ ಕಣಯ್ಯ. ನನಗೂ ಆಕೆ ಒಂದು ಲೋಟ ತಂದಿಟ್ಟರು. ನಾನು ಸಕ್ಕರೆ ಕಡಮೆ ಹಾಕಿ ಅಂದುಬಿಟ್ಟೆ."

ಮಾಲೀಕರು ಇಬ್ಬರನ್ನೂ ಕರೆಸಿ ಕಿರುಚಾಡಿದರು. ಈ ಹುಡುಗನನ್ನು ಮೊದಲು ತೆಗೆಯಿರಿ ಎಂದರು. ಶೇಷಾದ್ರಿಯವರು ಬಹಳ ವಿನಯದಿಂದ, "ತೆಗೆಯಬಹುದು. ಆದರೆ ಇವನನ್ನು ತೆಗೆದರೆ ಬಾವಿ ಬೆಳ್ಳಗಾಗುತ್ತದೆಯೇ ಎಂದು ಪರೀಕ್ಷೆ ಮಾಡಲು ಮತ್ತೊಬ್ಬ ಕೆಮಿಸ್ಟು ಬೇಕಾಗುತ್ತದೆ" ಎಂದರು. ವರದಿ ಸರ್ಕಾರದವರಿಗೆ ಹೋಯಿತು. ಕೆಲವು ವಾರ ಸ್ಪಿರಿಟ್ ಇಳಿಸುವುದು ನಿಂತಿತು. ಹೊಂಡ ಖಾಲಿ ಮಾಡಿಸಿದರು. ಕಪ್ಪು ನೀರನ್ನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿದ ಮಡ್ಡಿಯ ಗುಡ್ಡೆಗೆ ಚಿಮುಕಿಸಿ, ಮಗುಚಿ ಒಣಗಿಸಿ ಗೊಬ್ಬರ ಮಾಡುವ ನಿಧಾನದ ದಾರಿ ಹಿಡಿದೆವು. ಅದರಲ್ಲಿ ಫೋಟೊ ತೆಗೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಊರಿಗೆ ಕಾರ್ಖಾನೆಯ ಖರ್ಚಿನಲ್ಲಿ ನಲ್ಲಿ ಬಂತು. ನಲ್ಲಿಯ ನೀರು ಕುಡಿದ ಮೇಲೆ ಮಕ್ಕಳ ಹೊಟ್ಟೆ ಸರಿಹೋಯಿತು. ಹಳ್ಳದ ದಡದಲ್ಲಿ ಹುಲ್ಲು ಕಾಣಲು ವರ್ಷ ಹಿಡಿಯಿತು. ಬಾವಿ ಅದಕ್ಕಿಂತ ಹಟಮಾರಿ. ತಿಂಗಳಿಗೊಮ್ಮೆ ಹೋಗಿ ನೀರು ಸೇದಿ ಬಣ್ಣ ನೋಡುತ್ತಿದ್ದೆ. ಕಷಾಯ ಟೀ ಆಯಿತು, ಟೀ ತೆಳುವಾಯಿತು, ಮೂರನೆಯ ಮಳೆಗಾಲ ಮುಗಿದ ಮೇಲೆ ಬಾಟಲಿಯ ಹಿಂದೆ ಕಾಗದ ಹಿಡಿದರೆ ಅಕ್ಷರ ಸ್ಪಷ್ಟವಾಗಿ ಕಂಡಿತು.

ಎಲ್ಲ ಪರೀಕ್ಷೆ ಮುಗಿಸಿ, ಅಂಕಿಗಳನ್ನು ಎರಡೆರಡು ಸಲ ನೋಡಿ, ಓಡಿಕೊಂಡು ಹೋಗಿ ಹೇಳಿದೆ: "ನಿಂಗಮ್ಮನವರೆ, ಬಾವಿ ಸರಿಹೋಯಿತು. ಕುಡಿಯಬಹುದು."

ಅವರು ನನ್ನ ಕಾಗದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ವಾಪಸು ಕೊಟ್ಟರು. ಒಳಗೆ ಹೋಗಿ ಎಮ್ಮೆಯನ್ನು ಬಿಚ್ಚಿಕೊಂಡು ಬಂದರು. ಬಾನಿಗೆ ಎರಡು ಬಿಂದಿಗೆ ಸೇದಿ ಹಾಕಿ ಪಕ್ಕಕ್ಕೆ ನಿಂತರು.

"ಕ್ವಾಪ ಮಾಡ್ಕೋಬ್ಯಾಡಿ ಐನೋರೆ" ಎಂದರು. "ಎಮ್ಮೆ ಓದಿಲ್ಲ, ಬರ್ದಿಲ್ಲ. ಅದ್ಕೇ ಅದ್ರ ಮಾತ್ ಕೇಳಾನ ಅಂತ."

ಎಮ್ಮೆ ಬಾನಿಯ ಮೇಲೆ ಮೂಗಿಟ್ಟಿತು. ಹಿಂದೆ ಸರಿಯಿತು. ನನ್ನನ್ನು ನೋಡಿತು. ಎಷ್ಟೋ ಅಧಿಕಾರಿಗಳ ಮುಂದೆ ಆಮೇಲೆ ನಿಂತಿದ್ದೇನೆ, ಅಷ್ಟು ಎದೆ ಎಂದೂ ಹೊಡೆದುಕೊಂಡಿಲ್ಲ. ಮತ್ತೆ ಮೂಗಿಟ್ಟಿತು, ಒಂದು ಗುಟುಕು ಎಳೆಯಿತು, ಆಮೇಲೆ ತಲೆ ಎತ್ತದೆ ಬಾನಿಯನ್ನು ತಳದವರೆಗೆ ಹೀರಿತು. ಚಿಕ್ಕೇಗೌಡರು ಜಗಲಿಯಿಂದ, "ಪಾಸಾದ್ರಿ ಕಣ್ರೀ!" ಎಂದು ಕೂಗಿದರು.

ಅಂದಿನ ಪುಸ್ತಕದಲ್ಲಿ ಬಣ್ಣ, ವಾಸನೆ, ಪೊಟ್ಯಾಷ್ ಎಲ್ಲ ಬರೆದ ಮೇಲೆ ಕೊನೆಯ ಸಾಲಿನಲ್ಲಿ "ಎಮ್ಮೆ ಕುಡಿಯಿತು" ಎಂದು ಸೇರಿಸಿದೆ. ಶೇಷಾದ್ರಿಯವರು ಓದಿ ಕೆಂಪು ಪೆನ್ಸಿಲು ಎತ್ತಿದರು. ಹೊಡೆದು ಹಾಕುತ್ತಾರೆ ಎಂದುಕೊಂಡೆ. ಅವರು "ಕುಡಿಯಿತು" ಎಂಬುದರ ಹಿಂದೆ "ಎರಡು ಬಿಂದಿಗೆ" ಎಂದು ಬರೆದು, ಅಳತೆ ಹೇಳದೆ ಯಾವುದನ್ನೂ ಬರೆಯಬೇಡ ಎಂದು ಗದರಿಸಿ, ಸಹಿ ಹಾಕಿ ಕೊಟ್ಟರು.